ಮುಳುಗಿದ ಹಡಗಿನ ಜಾಡು: ಚಿಕ್ಕಮಗಳೂರಿನಲ್ಲಿ ಕೂತು ಹುಡುಕುವುದು ಹೇಗೆ?

ಘಟ್ಟದ ಮೇಲಿನವರಿಗೆ ಕಡಲಿನ ಉಸಾಬರಿ ಯಾಕೆ ಅಂತ ನಾನೂ ಅಂದುಕೊಂಡಿದ್ದೆ. ಆದರೆ ಪ್ರಶ್ನೆಗಳು ನಿಲ್ಲುವುದೇ ಇಲ್ಲ. ಅಟ್ಟದ ಟ್ರಂಕಿನಲ್ಲಿ ಹಳೇ ಕಾಗದ ಸಿಕ್ಕಿದೆ, ಅದರಲ್ಲಿ ಒಂದು ಹಡಗಿನ ಹೆಸರಿದೆ, ಆ ಹಡಗು ಏನಾಯಿತು? ಮುತ್ತಜ್ಜ ಮೈಸೂರು ಲ್ಯಾನ್ಸರ್ಸ್ (ಮೈಸೂರು ಮಹಾರಾಜರ ಕುದುರೆ ಪಡೆ) ಜೊತೆ ಈಜಿಪ್ಟಿಗೆ ಹೋಗಿದ್ದರಂತೆ, ಯಾವ ಹಡಗಿನಲ್ಲಿ? ನಮ್ಮ ತೋಟದ ಕಾಫಿ ಹೊತ್ತ ಹಡಗು ದೊರೆಗಳ ಕಾಲದಲ್ಲಿ ಮುಳುಗಿತ್ತಂತೆ, ನಿಜವಾ?

ಯೋಚಿಸಿದರೆ ಇದರಲ್ಲಿ ಆಶ್ಚರ್ಯ ಇಲ್ಲ. ಇಲ್ಲಿನ ಕಾಫಿ ಎತ್ತಿನಗಾಡಿಯಲ್ಲಿ ಘಟ್ಟ ಇಳಿದು, ಮಂಗಳೂರಿನ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಹಸನಾಗಿ, ಹಡಗು ಹತ್ತುತ್ತಿತ್ತು. ವಾಪಸ್ ಘಟ್ಟ ಹತ್ತಿ ಬಂದದ್ದು ಮಂಗಳೂರು ಹಂಚು. ನಮ್ಮ ಮನೆಗಳ ಮಾಡಿಗೂ ಕಡಲಿಗೂ ನಂಟು ಇದ್ದೇ ಇದೆ.

ಮುಳುಗಿದ ಹಡಗುಗಳ ಆನ್‌ಲೈನ್ ಡೇಟಾಬೇಸ್‌ಗಳು ಈಗ ಬೇಕಾದಷ್ಟಿವೆ. ಡೇಟಾಬೇಸ್ ಅಂದರೆ ಇಷ್ಟೇ: ಒಂದೊಂದು ಹಡಗಿಗೆ ಒಂದೊಂದು ಚೀಟಿ ಬರೆದು, ಹೆಸರು, ವರ್ಷ, ಜಾಗದ ಪ್ರಕಾರ ಹುಡುಕುವ ಹಾಗೆ ಜೋಡಿಸಿಟ್ಟ ಪೆಟ್ಟಿಗೆ. ಸಮುದ್ರದಡಿಯಲ್ಲಿ 30 ಲಕ್ಷಕ್ಕೂ ಜಾಸ್ತಿ ಹಡಗುಗಳಿವೆ ಅನ್ನುವುದು ಯುನೆಸ್ಕೊ ಅಂದಾಜು. ಅದರಲ್ಲಿ ಚೀಟಿ ಇರುವುದು ಒಂದು ಪಾಲಿಗೆ ಮಾತ್ರ. ಇದನ್ನು ಮೊದಲೇ ತಲೆಯಲ್ಲಿಟ್ಟುಕೊಳ್ಳಿ.

ಏನೇನು ಬೇಕು?

ಕಂಪ್ಯೂಟರ್ ಇದ್ದರೆ ಒಳ್ಳೆಯದು. ಮೊಬೈಲಿನಲ್ಲೂ ಆಗುತ್ತದೆ, ಆದರೆ ಮ್ಯಾಪ್ ತೆರೆಯುವ ಹೊತ್ತಿಗೆ ಬೆರಳು ಸೋಲುತ್ತದೆ. ಒಂದು ನೋಟ್‌ಬುಕ್ಕು ಬೇಕೇ ಬೇಕು. ಹುಡುಕಾಟವೆಲ್ಲ ಇಂಗ್ಲಿಷಿನಲ್ಲೇ, ಕನ್ನಡದಲ್ಲಿ ಹೆಸರು ಹಾಕಿದರೆ ಏನೂ ಬರುವುದಿಲ್ಲ. ಪುಟ ಕನ್ನಡಕ್ಕೆ ತಿರುಗಿಸುವ ಬಟನ್ ಇದೆಯಲ್ಲ, ಅದನ್ನು ಇಲ್ಲಿ ನಂಬಬೇಡಿ. ಹಡಗಿನವರ ಮಾತು ಬೇರೆ. ‘ಮಾಸ್ಟರ್’ ಅಂದರೆ ಮೇಷ್ಟ್ರಲ್ಲ, ಕ್ಯಾಪ್ಟನ್. ‘ಬೀಮ್’ ಅಂದರೆ ತೊಲೆಯಲ್ಲ, ಹಡಗಿನ ಅಗಲ. ‘ಡ್ರಾಫ್ಟ್’ ಅಂದರೆ ಕರಡಲ್ಲ, ಹಡಗು ನೀರಿನೊಳಗೆ ಎಷ್ಟು ಆಳ ಇಳಿದಿರುತ್ತದೆ ಅನ್ನುವ ಅಳತೆ.

1. ಪ್ರಶ್ನೆಯನ್ನು ಒಂದು ಸಾಲಿನಲ್ಲಿ ಬರೆದುಕೊಳ್ಳಿ

‘ಹಳೇ ಹಡಗುಗಳ ಬಗ್ಗೆ ನೋಡೋಣ’ ಅಂತ ಕೂತರೆ ರಾತ್ರಿ ಹನ್ನೆರಡಾದರೂ ಏಳುವುದಿಲ್ಲ, ಕೈಗೂ ಏನೂ ಹತ್ತುವುದಿಲ್ಲ. ನಿಮಗೆ ಗೊತ್ತಿರುವುದು ಏನು? ಹಡಗಿನ ಹೆಸರಾ, ವರ್ಷವಾ, ಹೊರಟ ಬಂದರಾ, ಅದರಲ್ಲಿದ್ದವರ ಹೆಸರಾ? ಅಷ್ಟನ್ನು ಬರೆಯಿರಿ. ಕಾಗದದಲ್ಲಿ ಕಣ್ಣಾರೆ ನೋಡಿದ್ದು ಒಂದು ಕಡೆ, ಮನೆಯಲ್ಲಿ ಹೇಳಿದ್ದನ್ನು ಕೇಳಿದ್ದು ಇನ್ನೊಂದು ಕಡೆ. ಎರಡನ್ನೂ ಬೆರೆಸಬೇಡಿ.

ಜಾಸ್ತಿ ಜನ ಎಡವುವುದು ಇಲ್ಲೇ. ಮುಳುಗದ ಹಡಗನ್ನು ಮುಳುಗಿದ ಹಡಗುಗಳ ಪಟ್ಟಿಯಲ್ಲಿ ಹುಡುಕುತ್ತಾರೆ! ಮೈಸೂರು ಲ್ಯಾನ್ಸರ್ಸ್ 1914ರಲ್ಲಿ ಈಜಿಪ್ಟಿಗೆ ಹೋದದ್ದು ನಿಜ, 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾ ಗೆಲ್ಲುವಾಗ ಅವರು ಇದ್ದದ್ದೂ ನಿಜ. ಆದರೆ ಅವರನ್ನು ಸುರಕ್ಷಿತವಾಗಿ ದಾಟಿಸಿದ ಹಡಗು ಆಮೇಲೆ ಗುಜರಿಗೆ ಹೋಗಿ ಒಡೆದಿದ್ದರೆ ಈ ಪಟ್ಟಿಯಲ್ಲಿ ಅದು ಬರುವುದಿಲ್ಲ. ಅಂಥ ಹಡಗಿಗೆ ಸೀದಾ 7ನೇ ಹಂತಕ್ಕೆ ಹೋಗಿ.

2. ಸರಿಯಾದ ಪೆಟ್ಟಿಗೆ ಆರಿಸಿಕೊಳ್ಳಿ

ಎಲ್ಲ ಹಡಗೂ ಇರುವ ಒಂದೇ ಡೇಟಾಬೇಸ್ ಇಲ್ಲ. ಒಂದೊಂದು ದೇಶ ತನ್ನ ನೀರಿನಲ್ಲಿ ಮುಳುಗಿದ್ದನ್ನು ಬರೆದಿಡುತ್ತದೆ. ಆದ್ದರಿಂದ ಹಡಗು ಯಾವ ದೇಶದ್ದು ಅನ್ನುವುದಕ್ಕಿಂತ ಯಾವ ದೇಶದ ಹತ್ತಿರ ಮುಳುಗಿತು ಅನ್ನುವುದು ಮುಖ್ಯ.

ಜಗತ್ತಿನ ಎಲ್ಲ ಕಡೆಯದ್ದನ್ನೂ ಒಟ್ಟು ಮಾಡಿರುವುದು ಬೆಲ್ಜಿಯಮ್‌ನಿಂದ ನಡೆಯುವ ‘ರೆಕ್‌ಸೈಟ್’. ಸ್ವಲ್ಪ ಮಾಹಿತಿ ಸುಮ್ನೆ ಸಿಗುತ್ತದೆ, ಪೂರ್ತಿ ಬೇಕಾದರೆ ಚಂದಾ ಕಟ್ಟಬೇಕು. ಮೊದಲ ದಿನವೇ ಕಟ್ಟಬೇಡಿ. ಹೆಸರು, ವರ್ಷ ತಾಳೆ ನೋಡುವುದಕ್ಕೆ ಪುಕ್ಕಟೆ ಸಿಗುವುದೇ ಬಹಳ ಸಲ ಸಾಕಾಗುತ್ತದೆ.

ಎರಡು ಮಹಾಯುದ್ಧಗಳಲ್ಲಿ ಜರ್ಮನ್ ಸಬ್‌ಮರೀನ್ ಹೊಡೆದ ಹಡಗಾದರೆ ‘ಯು-ಬೋಟ್ ಡಾಟ್ ನೆಟ್’ ನೋಡಿ. ಉಚಿತ. ಜಪಾನಿನ ಸಬ್‌ಮರೀನ್ ಹೊಡೆದದ್ದನ್ನು ಮಾತ್ರ ಅಲ್ಲಿ ಹುಡುಕಬೇಡಿ. ದಕ್ಷಿಣ ಆಫ್ರಿಕಾದ ಸರ್ಕಾರಿ ಪಾರಂಪರಿಕ ಮಾಹಿತಿ ವ್ಯವಸ್ಥೆಯ ಹೆಸರು ‘ಸಾಹ್ರಿಸ್’. ನಮಗ್ಯಾಕೆ ಆಫ್ರಿಕಾ ಅನ್ನಬೇಡಿ. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೂ ಮುಂಚೆ ನಮ್ಮ ಕಡೆಯಿಂದ ಲಂಡನ್ನಿಗೆ ಹೋಗುವ ಹಡಗು ಆಫ್ರಿಕಾದ ತುದಿಯನ್ನೇ ಸುತ್ತಬೇಕಿತ್ತು. ಆ ತುದಿಯ ಬಂಡೆಗಳು ಎಷ್ಟೋ ಹಡಗುಗಳನ್ನು ನುಂಗಿವೆ. ನಿಮ್ಮ ಕಾಗದದ ವರ್ಷ 1869ರ ಹಿಂದಿನದ್ದಾದರೆ ಇಲ್ಲೊಮ್ಮೆ ನೋಡಲೇಬೇಕು.

ಆಸ್ಟ್ರೇಲಿಯಾದ್ದು ‘ಆಸ್ಟ್ರಲೇಷಿಯನ್ ಅಂಡರ್‌ವಾಟರ್ ಕಲ್ಚರಲ್ ಹೆರಿಟೇಜ್ ಡೇಟಾಬೇಸ್’. ಹೆಸರು ಉದ್ದ, ಕೆಲಸ ಅಚ್ಚುಕಟ್ಟು. ಅಲ್ಲಿನ 2018ರ ಕಾನೂನಿನ ಪ್ರಕಾರ ಮುಳುಗಿ 75 ವರ್ಷ ದಾಟಿದ ಹಡಗಿಗೆ ತಾನಾಗಿಯೇ ರಕ್ಷಣೆ ಸಿಗುತ್ತದೆ. ಹಾಗಾಗಿ ದಾಖಲೆಯೂ ಶಿಸ್ತಾಗಿದೆ. ಕಲಿಯುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ನಮ್ಮ ದೇಶದ ವಿಷಯಕ್ಕೆ ಹುಡುಕಬೇಕಾದ ಜಾಗ ಬೇರೆ. ಗೋವಾದಲ್ಲಿರುವ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯಲ್ಲಿ ಸಾಗರ ಪುರಾತತ್ವದ ವಿಭಾಗವಿದೆ. ಕನ್ನಡಿಗರೇ ಆದ ಎಸ್.ಆರ್. ರಾವ್ ದ್ವಾರಕೆಯ ಬಳಿ ಕಡಲೊಳಗೆ ಶೋಧ ನಡೆಸಿದ್ದು ಈ ಸಂಸ್ಥೆಯಿಂದಲೇ. ಇದರ ಸಂಶೋಧನಾ ಲೇಖನಗಳು ಸಂಸ್ಥೆಯ ಡಿಜಿಟಲ್ ಭಂಡಾರದಲ್ಲಿ ಉಚಿತವಾಗಿ ಸಿಗುತ್ತವೆ. ಅಲ್ಲಿ ಹಡಗಿನ ಹೆಸರಿಗಿಂತ ಜಾಗದ ಹೆಸರು ಹಾಕಿ ಹುಡುಕಿದರೆ ಬೇಗ ಸಿಗುತ್ತದೆ: ಗೋವಾ, ಲಕ್ಷದ್ವೀಪ, ಮಿನಿಕಾಯ್, ಹೀಗೆ.

3. ಗೊತ್ತಿರುವ ಒಂದು ಹಡಗಿನ ಮೇಲೆ ಕೈ ಪಳಗಿಸಿ

ನಿಮ್ಮ ಹಡಗಿಗೆ ಕೈ ಹಾಕುವ ಮುಂಚೆ, ಉತ್ತರ ಗೊತ್ತಿರುವ ಒಂದನ್ನು ಹುಡುಕಿ ನೋಡಿ. ನನ್ನ ಸಲಹೆ ‘ಸಿಡ್ನಿ ಕೋವ್’. ಕಲ್ಕತ್ತದಿಂದ ಸರಕು ತುಂಬಿ ಸಿಡ್ನಿಗೆ ಹೊರಟ ಹಡಗು ಇದು. ನೀರು ನುಗ್ಗಿದ್ದರಿಂದ 1797ರ ಫೆಬ್ರವರಿಯಲ್ಲಿ ಟಾಸ್ಮೇನಿಯಾದ ಉತ್ತರಕ್ಕಿರುವ ಒಂದು ದ್ವೀಪದ ಪಕ್ಕ ಇದನ್ನು ದಡಕ್ಕೆ ಹತ್ತಿಸಿದರು. ಸಿಬ್ಬಂದಿಯಲ್ಲಿ ಬಹುಪಾಲು ಭಾರತದ ಲಸ್ಕರ್‌ಗಳು. ಲಸ್ಕರ್ ಅಂದರೆ ಯುರೋಪಿನವರ ಹಡಗಿನಲ್ಲಿ ಸಂಬಳಕ್ಕೆ ದುಡಿಯುತ್ತಿದ್ದ ನಮ್ಮ ಕಡೆಯ ನಾವಿಕ. 17 ಜನ ಚಿಕ್ಕ ದೋಣಿಯಲ್ಲಿ ಸಹಾಯ ತರಲು ಹೊರಟರು, ಆ ದೋಣಿಯೂ ಒಡೆಯಿತು. ಕರಾವಳಿ ಹಿಡಿದು ನೂರಾರು ಕಿಲೋಮೀಟರ್ ನಡೆದರು. ಕೊನೆಗೆ ಸಿಡ್ನಿ ಮುಟ್ಟಿದವರು ಮೂವರೇ, ಅವರಲ್ಲೊಬ್ಬ ಲಸ್ಕರ್.

ಈಗ ಆಸ್ಟ್ರೇಲಿಯಾದ ಡೇಟಾಬೇಸ್ ತೆರೆದು ಹೀಗೆ ಮಾಡಿ:

ಅ) ಹಡಗಿನ ಹೆಸರಿನ ಖಾನೆಯಲ್ಲಿ ಮಾತ್ರ ಹೆಸರು ಹಾಕಿ. ಮಿಕ್ಕ ಖಾನೆಗಳು ಖಾಲಿ ಇರಲಿ. ಮೊದಲ ಸಲವೇ ಎಲ್ಲ ಖಾನೆ ತುಂಬಿದರೆ ಒಂದು ತಪ್ಪಾದರೂ ಉತ್ತರ ಸೊನ್ನೆ.

ಆ) ಸಿಡ್ನಿ ಕೋವ್ ಅನ್ನುವುದು ಒಂದು ಜಾಗದ ಹೆಸರೂ ಹೌದು. ಅದನ್ನೇ ಗೂಗಲ್‌ಗೆ ಕೊಟ್ಟರೆ ಸಿಡ್ನಿಯ ಬಂದರು, ಹೋಟೆಲು ಎಲ್ಲ ಬರುತ್ತವೆ. ಡೇಟಾಬೇಸ್‌ನಲ್ಲೇ ಹುಡುಕಬೇಕು ಅನ್ನುವುದು ಅದಕ್ಕೇ.

ಇ) ಬಂದ ಪಟ್ಟಿಯಲ್ಲಿ ವರ್ಷ ನೋಡಿ, 1797 ಇರುವುದನ್ನು ತೆರೆಯಿರಿ.

ಈ) ಹೊರಟ ಬಂದರು, ಮುಳುಗಿದ ಕಾರಣ, ಜಾಗ, ಪತ್ತೆಯಾದ ವರ್ಷ, ಈ ಖಾನೆಗಳನ್ನು ನಾನು ಮೇಲೆ ಬರೆದದ್ದರ ಜೊತೆ ತಾಳೆ ಹಾಕಿ. ಹಡಗಿನ ಅವಶೇಷ ಸಿಕ್ಕಿದ್ದು 1977ರಲ್ಲಿ.

ಹತ್ತು ನಿಮಿಷದ ಕೆಲಸ. ಯಾವ ಖಾನೆ ಎಲ್ಲಿದೆ ಅಂತ ಕಣ್ಣಿಗೆ ರೂಢಿಯಾಗುತ್ತದೆ.

4. ಹೆಸರಿನ ಕಾಟ

ನಿಮ್ಮ ಸ್ವಂತ ಹುಡುಕಾಟದಲ್ಲಿ ಅರ್ಧ ಸಮಯ ಹೋಗುವುದು ಇಲ್ಲಿ.

ಹೆಸರಿಗೂ ಮೊದಲು ಬರುವ ಎಸ್.ಎಸ್., ಎಂ.ವಿ., ಎಚ್.ಎಂ.ಎಸ್. ಇವನ್ನು ಟೈಪ್ ಮಾಡಬೇಡಿ. ಎಸ್.ಎಸ್. ಅಂದರೆ ಉಗಿಯಿಂದ ಓಡುವ ಹಡಗು, ಎಂ.ವಿ. ಅಂದರೆ ಮೋಟಾರಿನದ್ದು, ಎಚ್.ಎಂ.ಎಸ್. ಅಂದರೆ ಬ್ರಿಟಿಷ್ ನೌಕಾಪಡೆಯದ್ದು. ಇವು ಬಿರುದು, ಹೆಸರಲ್ಲ.

ಒಂದೇ ಹೆಸರಿನ ಹಡಗುಗಳು ನಮ್ಮೂರಲ್ಲಿ ಮಂಜುನಾಥರು ಇದ್ದ ಹಾಗೆ, ಎಲ್ಲಿ ಕರೆದರೂ ನಾಲ್ಕು ಜನ ತಿರುಗಿ ನೋಡುತ್ತಾರೆ. ಸಾಲದ್ದಕ್ಕೆ ಹಡಗು ಮಾರಾಟವಾದಾಗ ಹೆಸರೂ ಬದಲಾಗುತ್ತದೆ. ಇದಕ್ಕೆ ಮದ್ದು ‘ಅಫಿಷಿಯಲ್ ನಂಬರ್’. ಬ್ರಿಟಿಷ್ ಆಡಳಿತದಲ್ಲಿ ನೋಂದಣಿಯಾದ ಹಡಗುಗಳಿಗೆ 1855ರಿಂದ ಒಂದು ಶಾಶ್ವತ ನಂಬರ್ ಕೊಡುತ್ತಿದ್ದರು. ಹೆಸರು ಬದಲಾದರೂ ನಂಬರ್ ಬದಲಾಗುತ್ತಿರಲಿಲ್ಲ. ಆಧಾರ್ ಇದ್ದ ಹಾಗೆ ಅನ್ನಿ. ಎಲ್ಲಾದರೂ ಆ ನಂಬರ್ ಕಣ್ಣಿಗೆ ಬಿದ್ದರೆ ಕೂಡಲೇ ಬರೆದುಕೊಳ್ಳಿ.

ಊರಿನ ಹೆಸರುಗಳೂ ಹಾಗೆಯೇ. ಹಳೇ ದಾಖಲೆಗಳಲ್ಲಿ ಹೊನ್ನಾವರ ‘ಓನೋರ್’, ಬಸರೂರು ‘ಬಾರ್ಸೆಲೋರ್’, ಭಟ್ಕಳ ‘ಬಾತಿಕಾಲಾ’, ಕಣ್ಣೂರು ‘ಕ್ಯಾನನೋರ್’, ತಲಶ್ಶೇರಿ ‘ಟೆಲಿಚೆರಿ’. ಕಾರವಾರವನ್ನು ಕೆ ಬದಲು ಸಿ ಅಕ್ಷರದಿಂದ ಬರೆದದ್ದೂ ಇದೆ. ಮಂಗಳೂರನ್ನು ಈಗಿನ ಅಧಿಕೃತ ಇಂಗ್ಲಿಷ್ ಕಾಗುಣಿತದಲ್ಲಿ ಹುಡುಕಿ ಏನೂ ಇಲ್ಲ ಅಂತ ಎದ್ದು ಹೋಗಬೇಡಿ, ಹಳೆಯ ಕಾಗುಣಿತ ಹಾಕಿ.

5. ಸಿಕ್ಕ ಪುಟವನ್ನು ನಿಧಾನವಾಗಿ ಓದಿ

ಹಡಗು ಹೇಗೆ ಹೋಯಿತು ಅನ್ನುವುದಕ್ಕೆ ಒಂದೊಂದು ಪದವಿದೆ. ‘ಫೌಂಡರ್ಡ್’ ಅಂದರೆ ನೀರು ತುಂಬಿ ಮುಳುಗಿತು. ‘ಸ್ಟ್ರ್ಯಾಂಡೆಡ್’ ಅಂದರೆ ಮರಳಿಗೋ ಬಂಡೆಗೋ ಸಿಕ್ಕಿಕೊಂಡಿತು. ಹೀಗೆ ಸಿಕ್ಕಿಕೊಂಡದ್ದನ್ನು ಆಮೇಲೆ ಬಿಡಿಸಿ ಮತ್ತೆ ಓಡಿಸಿದ್ದೂ ಇರಬಹುದು, ಹಾಗಾಗಿ ಈ ಪದ ಕಂಡರೆ ಪುಟದ ಕೊನೆಯವರೆಗೂ ಓದಿ. ‘ಸ್ಕಟಲ್ಡ್’ ಅಂದರೆ ಬೇಕೆಂದೇ ಮುಳುಗಿಸಿದ್ದು. ‘ಮಿಸಿಂಗ್’ ಅಂದರೆ ಹೊರಟದ್ದು ಗೊತ್ತು, ಏನಾಯಿತೋ ಗೊತ್ತಿಲ್ಲ. 1888ರ ನವೆಂಬರಿನಲ್ಲಿ ಕಚ್ಛ್‌ನ ಮಾಂಡವಿಯಿಂದ ಮುಂಬೈಗೆ ಹೊರಟು ಬಿರುಗಾಳಿಯಲ್ಲಿ ಜನರ ಸಮೇತ ಕಾಣೆಯಾದ ‘ವೈತರಣಾ’ ಅಂಥದ್ದು. ‘ಕನ್‌ಸ್ಟ್ರಕ್ಟಿವ್ ಟೋಟಲ್ ಲಾಸ್’ ಇನ್ಶೂರೆನ್ಸ್‌ನವರ ಮಾತು: ರಿಪೇರಿ ಖರ್ಚು ಹಡಗಿನ ಬೆಲೆಗಿಂತ ಜಾಸ್ತಿ ಅಂತ ಕೈಬಿಟ್ಟದ್ದು.

‘ಟನ್’ ನೋಡಿ ಮೋಸ ಹೋಗಬೇಡಿ. ‘ಗ್ರಾಸ್ ಟನ್’ ಅಂತ ಇದ್ದರೆ ಅದು ತೂಕ ಅಲ್ಲವೇ ಅಲ್ಲ, ಹಡಗಿನ ಒಳಗಿನ ಜಾಗ. ಹಳೇ ಲೆಕ್ಕದಲ್ಲಿ 100 ಘನ ಅಡಿಗೆ ಒಂದು ಟನ್. 10,000 ಟನ್ ಹಡಗು ಅಂದರೆ 10 ಲಕ್ಷ ಘನ ಅಡಿ ಜಾಗ. ಅಷ್ಟು ತೂಕದ ಕಾಫಿ ಹೊತ್ತಿತ್ತು ಅಂತ ಬರೆದುಬಿಟ್ಟರೆ ನಗೆಪಾಟಲು. ಆಳ ‘ಫ್ಯಾದಮ್’ನಲ್ಲಿದ್ದರೆ ಒಂದು ಫ್ಯಾದಮ್‌ಗೆ ಆರು ಅಡಿ. ಕಡಲ ಮೈಲಿ 1.852 ಕಿಲೋಮೀಟರ್, ರಸ್ತೆಯ ಮೈಲಿಗಿಂತ ಉದ್ದ.

ಸರಕಿನ ಮೇಲಿನ ಇಸವಿಯನ್ನೂ ಕಣ್ಣು ಮುಚ್ಚಿ ನಂಬಬೇಡಿ. ಗೋವಾದ ಬಳಿ ಸೇಂಟ್ ಜಾರ್ಜ್ ರೀಫ್ ಅನ್ನುವ ಬಂಡೆಸಾಲಿನಲ್ಲಿ ಸಾಗರ ವಿಜ್ಞಾನ ಸಂಸ್ಥೆಯವರು ಒಂದು ಮುಳುಗಿದ ಹಡಗಿನ ಸರಕು ಪತ್ತೆ ಮಾಡಿದರು. ಅದರಲ್ಲಿ ಸುಟ್ಟ ಮಣ್ಣಿನ ಕಂಬದ ತುಂಡುಗಳು, ಹಂಚುಗಳು. ಮೇಲೆ ಬಾಸೆಲ್ ಮಿಷನ್ (ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ) ಹಂಚಿನ ಕಾರ್ಖಾನೆಯ ಮುದ್ರೆ, ಜೊತೆಗೆ 1865. ಹಾಗಾದರೆ ಹಡಗು ಮುಳುಗಿದ್ದು 1865ರಲ್ಲಾ? ಅಲ್ಲ. ಅದು ಮಂಗಳೂರಿನಲ್ಲಿ ಕಾರ್ಖಾನೆ ಶುರುವಾದ ವರ್ಷ. ಆಮೇಲೆ ಮಾಡಿದ ಹಂಚಿನ ಮೇಲೂ ಅದೇ ವರ್ಷ ಒತ್ತುತ್ತಿದ್ದರು. ಆ ಮುದ್ರೆಯಿಂದ ಹೇಳಬಹುದಾದದ್ದು ಒಂದೇ, ಹಡಗು ಮುಳುಗಿದ್ದು 1865ಕ್ಕಿಂತ ಮುಂಚೆ ಅಲ್ಲ. ನಿಮ್ಮ ಹಳೇ ಮನೆಯ ಮಾಡಿನಲ್ಲಿ ಅದೇ ಮುದ್ರೆಯ ಹಂಚಿದ್ದರೆ ಮನೆಗೂ ಇದೇ ಲೆಕ್ಕ.

6. ಜಾಗವನ್ನು ಮ್ಯಾಪಿನಲ್ಲಿ ಇಡುವುದು

ಈ ಹಂತದಲ್ಲಿ ಎಲ್ಲರೂ ಒಮ್ಮೆಯಾದರೂ ಬೀಳುತ್ತಾರೆ. ನಾನೂ ಬಿದ್ದಿದ್ದೇನೆ.

ಜಾಗವನ್ನು ಅಕ್ಷಾಂಶ, ರೇಖಾಂಶದಲ್ಲಿ ಕೊಟ್ಟಿರುತ್ತಾರೆ. ಹಳೇ ದಾಖಲೆಗಳಲ್ಲಿ ಡಿಗ್ರಿ ಮತ್ತು ನಿಮಿಷ, ಹೊಸ ಮ್ಯಾಪುಗಳಲ್ಲಿ ದಶಮಾಂಶ. ನಿಮಿಷವನ್ನು ಸುಮ್ನೆ ಚುಕ್ಕಿಯ ಮುಂದೆ ಬರೆಯುವ ಹಾಗಿಲ್ಲ, 60ರಿಂದ ಭಾಗಿಸಬೇಕು.

ನಮ್ಮೂರಿನ ಮೇಲೇ ಪರೀಕ್ಷೆ ಮಾಡಿ. ಚಿಕ್ಕಮಗಳೂರು ಪೇಟೆ ಇರುವುದು ಸುಮಾರು 13 ಡಿಗ್ರಿ 19 ನಿಮಿಷ ಉತ್ತರ, 75 ಡಿಗ್ರಿ 46 ನಿಮಿಷ ಪೂರ್ವ. 19ನ್ನು 60ರಿಂದ ಭಾಗಿಸಿದರೆ 0.317. 46ನ್ನು ಭಾಗಿಸಿದರೆ 0.767. ಗೂಗಲ್ ಮ್ಯಾಪಿನಲ್ಲಿ 13.317, 75.767 ಹಾಕಿ. ಪೇಟೆಗೇ ಬರುತ್ತೀರಿ. ಈಗ ತಪ್ಪಾಗಿ 13.19, 75.46 ಹಾಕಿ ನೋಡಿ. ಮೂಡಿಗೆರೆಯನ್ನೂ ದಾಟಿ ಕಳಸದ ಕಡೆಯ ಘಟ್ಟದ ಸಾಲಿನಲ್ಲಿ ಇರುತ್ತೀರಿ, 30 ಕಿಲೋಮೀಟರಿಗೂ ಜಾಸ್ತಿ ದೂರ. ನೆಲದ ಮೇಲೆ ತಪ್ಪು ಕೂಡಲೇ ಗೊತ್ತಾಗುತ್ತದೆ. ಕಡಲಲ್ಲಿ ಎಲ್ಲ ಕಡೆಯೂ ನೀಲಿ, ಯಾರಿಗೆ ಗೊತ್ತಾಗಬೇಕು?

ದಕ್ಷಿಣ ಅಕ್ಷಾಂಶಕ್ಕೂ ಪಶ್ಚಿಮ ರೇಖಾಂಶಕ್ಕೂ ಅಂಕಿಯ ಎಡಕ್ಕೆ ಮೈನಸ್ ಗುರುತು ಹಾಕಬೇಕು. ಇನ್ನೊಂದು: ಹಡಗು ಆಫ್ರಿಕಾದ ಪಶ್ಚಿಮಕ್ಕೆ ಗಿನಿ ಕೊಲ್ಲಿಯಲ್ಲಿ ಕಂಡರೆ ಖುಷಿಪಡಬೇಡಿ. ಜಾಗ ಗೊತ್ತಿಲ್ಲದೆ ಸೊನ್ನೆ, ಸೊನ್ನೆ ಅಂತ ತುಂಬಿದ್ದು ಅಲ್ಲಿ ಬಂದು ಕೂರುತ್ತದೆ.

ಕಡಲ ನಕ್ಷೆಗಳಲ್ಲಿ ಪಿ.ಎ. ಅಂತಿದ್ದರೆ ಜಾಗ ಅಂದಾಜಿನದ್ದು, ಪಿ.ಡಿ. ಅಂತಿದ್ದರೆ ಜಾಗದ ಬಗ್ಗೆ ಅನುಮಾನ, ಇ.ಡಿ. ಅಂತಿದ್ದರೆ ಆ ವಸ್ತು ಅಲ್ಲಿ ಇದೆಯೋ ಇಲ್ಲವೋ ಅನ್ನುವುದೇ ಅನುಮಾನ. ಕೆಲವು ಡೇಟಾಬೇಸ್‌ಗಳು ಬೇಕೆಂದೇ ನಿಖರ ಜಾಗ ತೋರಿಸುವುದಿಲ್ಲ, ಕಳ್ಳರ ಕಾಟ ತಪ್ಪಿಸಲು. ಅದು ನಿಮ್ಮ ಕಂಪ್ಯೂಟರಿನ ದೋಷ ಅಲ್ಲ.

7. ಎರಡನೇ ಸಾಕ್ಷಿ ಹುಡುಕಿ

ಡೇಟಾಬೇಸ್ ಸಾಕ್ಷಿಯಲ್ಲ, ಸಾಕ್ಷಿ ಎಲ್ಲಿದೆ ಅಂತ ತೋರಿಸುವ ಕೈಮರ. ಒಂದು ಡೇಟಾಬೇಸ್‌ನಿಂದ ಇನ್ನೊಂದು ನಕಲು ಮಾಡಿದ್ದರೆ ಎರಡು ಕಡೆ ಒಂದೇ ಉತ್ತರ ಬರುತ್ತದೆ. ಅದನ್ನು ಎರಡು ಸಾಕ್ಷಿ ಅಂತ ಎಣಿಸಬೇಡಿ.

ಹಳೇ ಪತ್ರಿಕೆಗಳು ಒಳ್ಳೆಯ ಮೂಲ. ಆಸ್ಟ್ರೇಲಿಯಾದ ‘ಟ್ರೋವ್’, ನ್ಯೂಜಿಲೆಂಡಿನ ‘ಪೇಪರ್ಸ್ ಪಾಸ್ಟ್’, ಸಿಂಗಪುರದ ‘ನ್ಯೂಸ್‌ಪೇಪರ್ ಎಸ್‌ಜಿ’, ಮೂರೂ ಉಚಿತ. ಹಿಂದೂ ಮಹಾಸಾಗರದ ಹಡಗು ಸುದ್ದಿ ಅಲ್ಲಿ ತುಂಬಾ ಬರುತ್ತಿತ್ತು. ಹುಡುಕುವಾಗ ಮುಳುಗಿದ ದಿನದಿಂದ ಎರಡು ಮೂರು ತಿಂಗಳು ಮುಂದಕ್ಕೂ ನೋಡಿ. ಸುದ್ದಿ ತಲುಪುವುದು ತಡವಾಗುತ್ತಿತ್ತು. ಯುದ್ಧಕಾಲದಲ್ಲಿ ಹಡಗಿನ ಹೆಸರು ಅಚ್ಚು ಹಾಕುವುದಕ್ಕೆ ನಿರ್ಬಂಧ ಬೇರೆ ಇತ್ತು.

ಹಡಗು ಯಾರು ಕಟ್ಟಿದರು, ಎಷ್ಟು ಉದ್ದ ಅನ್ನುವುದಕ್ಕೆ ಹಡಗುಗಳನ್ನು ತಪಾಸಣೆ ಮಾಡಿ ದರ್ಜೆ ಕೊಡುವ ಬ್ರಿಟನ್ನಿನ ಸಂಸ್ಥೆ ಲಾಯ್ಡ್ಸ್ ರಿಜಿಸ್ಟರ್‌ನ ಪಾರಂಪರಿಕ ಕೇಂದ್ರದ ಸಂಗ್ರಹ ನೋಡಿ. ಹಡಗುಗಳ ತಪಾಸಣೆ ವರದಿ, ನಕ್ಷೆ ಉಚಿತವಾಗಿ ಇವೆ, ಮುಳುಗದ ಹಡಗುಗಳದ್ದೂ ಸೇರಿ. ಅಫಿಷಿಯಲ್ ನಂಬರ್ ಹಾಕಿ ಹಡಗು ಗುರುತಿಸಲು ಬ್ರಿಟನ್ನಿನ ‘ಕ್ರೂ ಲಿಸ್ಟ್ ಇಂಡೆಕ್ಸ್ ಪ್ರಾಜೆಕ್ಟ್’ ಇದೆ.

ಜನರನ್ನು ಹುಡುಕುವುದಾದರೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿ. ಇದು ಮುಖ್ಯವಾಗಿ ಎರಡು ಯುದ್ಧಗಳ ಕಾಲದಲ್ಲಿ ಸತ್ತ ಸೈನಿಕರು ಮತ್ತು ಹಡಗಿನ ಸಿಬ್ಬಂದಿಯದ್ದು. ಬದುಕಿ ಬಂದ ಮುತ್ತಜ್ಜನ ಹೆಸರು ಇದರಲ್ಲಿ ಇರುವುದಿಲ್ಲ. ನಮ್ಮ ಹೆಸರುಗಳನ್ನು ಗುಮಾಸ್ತರು ಕಿವಿಗೆ ಕೇಳಿದಂತೆ ಬರೆದಿದ್ದಾರೆ. ಗೌಡ ಅನ್ನುವುದನ್ನೇ ಮೂರು ನಾಲ್ಕು ಥರ ಬರೆದು ಹುಡುಕಬೇಕು. ರೆಜಿಮೆಂಟ್ ನಂಬರ್ ಇದ್ದರೆ ಹೆಸರಿಗಿಂತ ಅದೇ ವಾಸಿ.

ಟಿಕೆಟ್ ಕೊಂಡು ಹೋದ ಸಾಮಾನ್ಯ ಪ್ರಯಾಣಿಕರದ್ದು ಕಷ್ಟ. ‘ತಿಲಾವಾ’ ಹಡಗನ್ನು ತೆಗೆದುಕೊಳ್ಳಿ. ಮುಂಬೈಯಿಂದ ಆಫ್ರಿಕಾಕ್ಕೆ ಹೊರಟಿದ್ದ ಇದನ್ನು 1942ರ ನವೆಂಬರ್ 23ರಂದು ಜಪಾನಿನ ಸಬ್‌ಮರೀನ್ ಹೊಡೆದು ಮುಳುಗಿಸಿತು. ಹಡಗಿನಲ್ಲಿದ್ದ 958 ಜನರಲ್ಲಿ 280 ಮಂದಿ ಸತ್ತರು. ಇಂದು ಇದರ ಬಗ್ಗೆ ಹುಡುಕಿದರೆ ಮೊದಲು ಬರುವುದು ಬೆಳ್ಳಿಯ ಸುದ್ದಿ: 2017ರಲ್ಲಿ ಮೇಲೆತ್ತಿದ 2,364 ಗಟ್ಟಿಗಳು, ಅದರ ಮೇಲಿನ ಕೋರ್ಟ್ ಕೇಸು. ಸತ್ತವರ ಹೆಸರು ಬೇಕಾದರೆ ಹತ್ತು ಪುಟ ಕೆಳಗೆ ಹೋಗಬೇಕು. ಬೆಳ್ಳಿಗೆ ವಾರಸುದಾರರು ಬೇಗ ಸಿಗುತ್ತಾರೆ, ಅಲ್ವಾ?

8. ಏನೂ ಸಿಗದಿದ್ದರೆ

ಕಾಫಿಯ ಪ್ರಶ್ನೆ ಕೇಳಿದವರಿಗೆ ಬಹಳ ಸಲ ಹೀಗೇ ಆಗುತ್ತದೆ. ಕಾರಣ ಇದೆ. ಪಣಂಬೂರಿನ ನವಮಂಗಳೂರು ಬಂದರು ಬಂದದ್ದು 1970ರ ದಶಕದಲ್ಲಿ. ಅದಕ್ಕೂ ಮುಂಚೆ ದೊಡ್ಡ ಹಡಗು ಹಳೇ ಬಂದರಿನ ಅಳಿವೆಯೊಳಗೆ, ಅಂದರೆ ನದಿ ಕಡಲು ಸೇರುವ ಬಾಯಿಯೊಳಗೆ, ಬರುತ್ತಿರಲಿಲ್ಲ. ಹೊರಗೆ ಕಡಲಲ್ಲಿ ಲಂಗರು ಹಾಕಿ ನಿಲ್ಲುತ್ತಿತ್ತು. ದಕ್ಕೆಯಿಂದ (ದೋಣಿ ನಿಲ್ಲುವ ಕಟ್ಟೆ) ಸರಕು ಸಾಗಿಸುತ್ತಿದ್ದದ್ದು ಮಂಜಿಗಳು, ದೋಣಿಗಳು. ಮಂಜಿ ಅಂದರೆ ಹಾಯಿ ಕಟ್ಟಿದ ಮರದ ಸರಕು ದೋಣಿ. ಒಂದು ಮಂಜಿ ಅಳಿವೆಯ ಅಲೆಗೆ ಮಗುಚಿ ಇಪ್ಪತ್ತು ಮೂಟೆ ಕಾಫಿ ಹೋದರೆ ಲಂಡನ್ನಿನ ಯಾವ ರಿಜಿಸ್ಟರಿನಲ್ಲೂ ಅದು ಬರುತ್ತಿರಲಿಲ್ಲ. ಇನ್ಶೂರೆನ್ಸ್ ಇದ್ದದ್ದು, ನೌಕಾಪಡೆಗೆ ಬೇಕಿದ್ದದ್ದು ದಾಖಲಾಯಿತು. ಮೊಗವೀರರ, ಬ್ಯಾರಿಗಳ ದೋಣಿ ದಾಖಲಾಗಲಿಲ್ಲ.

ಆದ್ದರಿಂದ ‘ಡೇಟಾಬೇಸ್‌ನಲ್ಲಿ ಇಲ್ಲ, ಅಜ್ಜಿ ಹೇಳಿದ್ದು ಸುಳ್ಳು’ ಅಂತ ತೀರ್ಮಾನ ಮಾಡಬೇಡಿ. ಹಾಗಂತ ಅದೇ ವರ್ಷ ಮುಳುಗಿದ ಯಾವುದೋ ಹಡಗು ಹಿಡಿದು ‘ಇದೇ ನಮ್ಮ ಕಾಫಿ ಹಡಗು’ ಅನ್ನಲೂಬೇಡಿ. ಈ ಎರಡನೇ ತಪ್ಪೇ ಜಾಸ್ತಿ ನೋಡಿದ್ದೇನೆ. ಇಂಥ ಪ್ರಶ್ನೆಗೆ ತೋಟದ ಲೆಕ್ಕದ ಪುಸ್ತಕ, ಕ್ಯೂರಿಂಗ್ ವರ್ಕ್ಸ್‌ನ ಹಳೇ ರಸೀದಿ, ಕಾಗದಪತ್ರಗಳೇ ಆಧಾರ. ಮಳೆಗಾಲ ಬರುವ ಮುಂಚೆ ಅಟ್ಟದಿಂದ ಇಳಿಸಿ, ಪುಟ ಪುಟವಾಗಿ ಫೋಟೊ ತೆಗೆದಿಟ್ಟುಕೊಳ್ಳಿ. ಗೆದ್ದಲು ಡೇಟಾಬೇಸ್‌ಗೆ ಕಾಯುವುದಿಲ್ಲ.

9. ಬರೆದಿಡಿ, ತಪ್ಪು ಕಂಡರೆ ತಿಳಿಸಿ

ಸಿಕ್ಕ ಪ್ರತಿ ಸಂಗತಿಯ ಪಕ್ಕ ಎಲ್ಲಿ ಸಿಕ್ಕಿತು, ಯಾವ ದಿನ ನೋಡಿದಿರಿ ಅಂತ ಬರೆಯಿರಿ. ಡೇಟಾಬೇಸ್‌ನಲ್ಲಿ ಆ ಹಡಗಿಗೆ ಕೊಟ್ಟಿರುವ ನಂಬರ್ ಸೇರಿಸಿ. ವೆಬ್‌ಸೈಟಿನ ವಿಳಾಸ ಬದಲಾದರೂ ಆ ನಂಬರಿನಿಂದ ಮತ್ತೆ ಹುಡುಕಬಹುದು.

ನಕ್ಷೆಯಲ್ಲಿ ಜಾಗ ಸಿಕ್ಕಿತು ಅಂತ ಮುಳುಗು ಹಾಕಿ ಏನಾದರೂ ಎತ್ತಿಕೊಂಡು ಬರುವ ಯೋಚನೆ ಬೇಡ. ಮುರ್ಡೇಶ್ವರದಲ್ಲಿ ಸ್ಕೂಬಾ ಮಾಡಿ ಬಂದ ಹುಡುಗರು ಇದನ್ನು ಕೇಳುತ್ತಿರುತ್ತಾರೆ, ಅದಕ್ಕೇ ಹೇಳುತ್ತಿದ್ದೇನೆ. ನೂರು ವರ್ಷ ದಾಟಿದ ವಸ್ತು 1972ರ ಪುರಾತನ ವಸ್ತುಗಳ ಕಾಯ್ದೆಯ ಕೆಳಗೆ ಬರುತ್ತದೆ. ಬಲೆಗೋ ದಡಕ್ಕೋ ತಾನಾಗಿ ಏನಾದರೂ ಬಂದು ಬಿದ್ದರೆ ಫೋಟೊ ತೆಗೆದು ಆ ಜಿಲ್ಲೆಯ ಆಡಳಿತಕ್ಕೋ ಪುರಾತತ್ವ ಇಲಾಖೆಗೋ ತಿಳಿಸಿ. ನೀರಿನಲ್ಲಿದ್ದ ಮರ, ಕಬ್ಬಿಣ ಒಣಗಿದ ಕೂಡಲೇ ಸೀಳಿ ಪುಡಿಯಾಗುತ್ತದೆ, ತೊಳೆದು ಬಿಸಿಲಿಗೆ ಇಡಲು ಹೋಗಬೇಡಿ.

ಡೇಟಾಬೇಸ್‌ನಲ್ಲಿ ತಪ್ಪು ಕಂಡರೆ ಸಂಪರ್ಕದ ಪುಟದಿಂದ ಬರೆಯಿರಿ. ‘ನಿಮ್ಮದು ತಪ್ಪು’ ಅಂತ ಒಂದು ಸಾಲು ಕಳಿಸಿದರೆ ಯಾರೂ ನೋಡುವುದಿಲ್ಲ. ಹಡಗಿನ ನಂಬರ್, ಯಾವ ಖಾನೆ, ಈಗ ಏನಿದೆ, ಏನಿರಬೇಕು, ನಿಮ್ಮ ಆಧಾರ ಏನು, ಈ ಐದು ಸಾಕು. ಜೊತೆಗೆ ಕಾಗದದ ಫೋಟೊ. ಕಾಗದ ಕನ್ನಡದಲ್ಲಿದ್ದರೆ ಆ ಸಾಲಿನ ಇಂಗ್ಲಿಷ್ ಅರ್ಥ ಬರೆದು ಸೇರಿಸಿ. ಉತ್ತರ ಬರಲು ತಿಂಗಳುಗಟ್ಟಲೆ ಆಗಬಹುದು. ಕಳಿಸಿದ್ದರ ಒಂದು ಪ್ರತಿ ನಿಮ್ಮ ನೋಟ್‌ಬುಕ್ಕಿನಲ್ಲೂ ಇರಲಿ.